ಮನೆ ಸಾಲಕ್ಕೆ ಮುನ್ನ ತೀರಿಸಬೇಕಾದ ಸಾಲ ಯಾವುದು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರು ವಿರಳ. ಎರಡೂ ಕೆಲಸ ಸಾಲವಿಲ್ಲದೆ ಮುಗಿಯುವುದು ಕಷ್ಟ ಎಂಬ ಅನುಭವ ಅದರ ಹಿಂದಿದೆ. ಹಾಗಿದ್ದರೆ, ಹಳೆಯ ಸಾಲಗಳು ಇನ್ನೂ ಹೆಗಲ ಮೇಲಿರುವಾಗಲೇ ಮನೆ ಕಟ್ಟಲು ಹೊಸ ಸಾಲ ಕೇಳಬಹುದೇ? ಮೊದಲು ಹಳೆಯದನ್ನೆಲ್ಲ ತೀರಿಸಬೇಕೇ? ಕೆಲವನ್ನು ಮಾತ್ರ ತೀರಿಸುವುದಾದರೆ ಯಾವುದನ್ನು? ಕಿರುತೆರೆಯ ಮೇಲೆ ಅಂಕಿಗಳು ಬಂದಷ್ಟೇ ಬೇಗ ಮಾಯವಾಗುತ್ತವೆ. ಆದ್ದರಿಂದ ಈ ಲೆಕ್ಕವನ್ನು ಇಲ್ಲಿ ನಿಧಾನವಾಗಿ ನೋಡೋಣ. ಪೆನ್ಸಿಲು, ಕಾಗದ ಜೊತೆಗಿರಲಿ.

ಬ್ಯಾಂಕು ಏನನ್ನು ಅಳೆಯುತ್ತದೆ?

ಹಿಂದೆ ಸಾಲ ಕೇಳಿದವರ ಯೋಗ್ಯತೆಯನ್ನು ಊರಿನವರೇ ಬಲ್ಲವರಾಗಿದ್ದರು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ, ಸದಸ್ಯರಿಗೆ ಪರಸ್ಪರ ಇದ್ದ ಪರಿಚಯವೇ ಅದರ ಬಂಡವಾಳವಾಗಿತ್ತು. ‘ಪತ್ತು’ ಎಂದರೆ ನಂಬಿಕೆ ತಾನೆ? ಇಂದು ಆ ನಂಬಿಕೆಯನ್ನು ದಾಖಲೆಗಳು ಅಳೆಯುತ್ತವೆ. 2000ದಲ್ಲಿ ‘ಸಿಬಿಲ್’ ಎಂಬ ಸಾಲಮಾಹಿತಿ ಸಂಸ್ಥೆ ಸ್ಥಾಪನೆಯಾಯಿತು. 2005ರಲ್ಲಿ ಇಂಥ ಸಂಸ್ಥೆಗಳಿಗಾಗಿ ಕಾನೂನು ಬಂತು. ಕಂತು ಸಕಾಲಕ್ಕೆ ಕಟ್ಟಿದ್ದೀರೋ ಇಲ್ಲವೋ ಎಂಬುದು ಅಲ್ಲಿ ದಾಖಲಾಗಿ, 300ರಿಂದ 900ರವರೆಗಿನ ಒಂದು ಅಂಕವಾಗುತ್ತದೆ.

ಈ ಅಂಕದಷ್ಟೇ ಮುಖ್ಯವಾದ ಇನ್ನೊಂದು ಅಳತೆ ಇದೆ. ತಿಂಗಳ ವರಮಾನದಲ್ಲಿ ಎಷ್ಟು ಭಾಗ ಈಗಾಗಲೇ ಕಂತುಗಳಿಗೆ ಹೋಗುತ್ತಿದೆ ಎಂಬುದೇ ಅದು. ಎಲ್ಲ ಕಂತುಗಳೂ ಸೇರಿ ವರಮಾನದ ಅರ್ಧವನ್ನು ಮೀರದಿರಲಿ ಎಂದು ಬ್ಯಾಂಕುಗಳು ಸಾಮಾನ್ಯವಾಗಿ ನೋಡುತ್ತವೆ. ಕೆಲವು ಇನ್ನೂ ಬಿಗಿಯಾಗಿರುತ್ತವೆ. ಬಡ ಕುಟುಂಬಗಳಿಗೆ ಕೊಡುವ ಕಿರುಸಾಲಗಳ ವಿಷಯದಲ್ಲಂತೂ ರಿಸರ್ವ್ ಬ್ಯಾಂಕು 2022ರಲ್ಲಿ ಇದೇ ಶೇ. 50ರ ಮಿತಿಯನ್ನು ನಿಯಮವನ್ನಾಗಿಯೇ ಮಾಡಿತು.

ಮಾದಿಹಳ್ಳಿಯ ಒಂದು ಲೆಕ್ಕ

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿ ಒಬ್ಬ ಶಾಲಾ ಶಿಕ್ಷಕರಿದ್ದಾರೆ ಎಂದು ಊಹಿಸಿಕೊಳ್ಳೋಣ. ಕೈಗೆ ಬರುವ ಸಂಬಳ ತಿಂಗಳಿಗೆ 40,000 ರೂಪಾಯಿ. ಹಿರಿಯರಿಂದ ಬಂದ ನಿವೇಶನ ಇದೆ. ಮನೆಗೆ 15 ಲಕ್ಷ ಖರ್ಚೆಂದು ಅಂದಾಜು. ಉಳಿತಾಯ 2 ಲಕ್ಷ. ಜೊತೆಗೆ ಮೂರು ಸಾಲಗಳಿವೆ:

ಫ್ರಿಜ್ಜಿನ ಸಾಲ: ಕಂತು 1,500, ಬಾಕಿ ಸುಮಾರು 6,000 ರೂ.
ಬೈಕಿನ ಸಾಲ: ಕಂತು 3,500, ಬಾಕಿ ಸುಮಾರು 33,000 ರೂ.
ತಂಗಿಯ ಮದುವೆಗೆ ಮಾಡಿದ ವೈಯಕ್ತಿಕ ಸಾಲ: ಬಡ್ಡಿ ಶೇ. 15, ಕಂತು 5,000, ಬಾಕಿ ಸುಮಾರು 1,24,000 ರೂ.

ವರಮಾನದ ಅರ್ಧ ಎಂದರೆ 20,000. ಅದರಲ್ಲಿ 10,000 ಈಗಾಗಲೇ ಕಂತುಗಳಿಗೆ ಹೋಗುತ್ತಿದೆ. ಉಳಿದ 10,000 ಮಾತ್ರ ಮನೆ ಸಾಲದ ಕಂತಿಗೆ ಸಿಗುತ್ತದೆ.

ಬಡ್ಡಿಯನ್ನು ಶೇ. 8.5, ಅವಧಿಯನ್ನು 20 ವರ್ಷ ಎಂದು ಇಟ್ಟುಕೊಂಡರೆ ಒಂದು ಲಕ್ಷ ರೂಪಾಯಿ ಸಾಲಕ್ಕೆ ತಿಂಗಳ ಕಂತು ಸುಮಾರು 868 ರೂ. 10,000ವನ್ನು 868ರಿಂದ ಭಾಗಿಸಿ. ಸುಮಾರು ಹನ್ನೊಂದೂವರೆ ಲಕ್ಷ ಬರುತ್ತದೆ. 30 ಲಕ್ಷದವರೆಗಿನ ಮನೆ ಸಾಲಗಳಲ್ಲಿ ಬ್ಯಾಂಕು ಹೆಚ್ಚೆಂದರೆ ಶೇ. 90ರಷ್ಟು ಕೊಡಬಹುದು. ಅಂದರೆ ನಮ್ಮ ಶಿಕ್ಷಕರು ಕೇಳಬಹುದಾದದ್ದು ಹದಿಮೂರೂವರೆ ಲಕ್ಷ. ಉಳಿದ ಒಂದೂವರೆ ಲಕ್ಷ ಅವರ ಕೈಯಿಂದ ಹೋಗಬೇಕು. ಈಗ ಸಿಗುವ ಸಾಲದಲ್ಲಿ 2 ಲಕ್ಷದಷ್ಟು ಕೊರತೆ ಬೀಳುತ್ತದೆ.

ಇಲ್ಲಿ ಒಂದು ಸೂತ್ರ ಗಮನಿಸಿ. ಹಳೆಯ ಸಾಲಗಳ ಪ್ರತಿ 1,000 ರೂಪಾಯಿ ಕಂತೂ, ಸಿಗಬಹುದಾದ ಮನೆ ಸಾಲದಲ್ಲಿ ಸುಮಾರು 1 ಲಕ್ಷ 15 ಸಾವಿರವನ್ನು ಕಡಿತ ಮಾಡುತ್ತದೆ. 3,500 ರೂಪಾಯಿಯ ಬೈಕಿನ ಕಂತು 4 ಲಕ್ಷದ ಮನೆ ಸಾಲಕ್ಕೆ ಅಡ್ಡ ನಿಂತಿದೆ!

ಯಾವುದು ಮೊದಲು?

ಶಾಲೆಯಲ್ಲಿ ಕಲಿತ ಲೆಕ್ಕ ‘ಬಡ್ಡಿ ಹೆಚ್ಚಿರುವ ಸಾಲವನ್ನು ಮೊದಲು ತೀರಿಸು’ ಎನ್ನುತ್ತದೆ. ಬಡ್ಡಿ ಉಳಿಸುವ ದೃಷ್ಟಿಯಿಂದ ಅದು ಸರಿಯೇ. ಆದರೆ ಶಿಕ್ಷಕರು ಆ ಮಾತು ನಂಬಿ 1,24,000 ಕೊಟ್ಟು ವೈಯಕ್ತಿಕ ಸಾಲ ತೀರಿಸಿದರೆ 5,000 ರೂಪಾಯಿಯ ಕಂತು ಬಿಡುಗಡೆಯಾಗುತ್ತದೆ, ಆದರೆ ಕೈಯಲ್ಲಿ 76,000 ಮಾತ್ರ ಉಳಿಯುತ್ತದೆ. ಮನೆಗೆ ತಾವು ಹಾಕಬೇಕಾದ ಒಂದೂವರೆ ಲಕ್ಷ ಎಲ್ಲಿಂದ ಬರಬೇಕು?

ಬದಲಿಗೆ ಫ್ರಿಜ್ಜು ಮತ್ತು ಬೈಕಿನ ಸಾಲಗಳನ್ನು ತೀರಿಸಲಿ. ಖರ್ಚು 39,000. ಬಿಡುಗಡೆಯಾಗುವ ಕಂತು ಅದೇ 5,000! ಈಗ 15,000 ರೂಪಾಯಿಯ ಕಂತಿಗೆ ಜಾಗವಿದೆ. ಹದಿಮೂರೂವರೆ ಲಕ್ಷಕ್ಕೆ ಬೇಕಾದದ್ದು 11,718 ಮಾತ್ರ. ಉಳಿತಾಯದಲ್ಲಿ 1,61,000 ಇದೆ. ಬಿಡುಗಡೆಯಾದ 5,000ವನ್ನು ಆರು ತಿಂಗಳು ಕೂಡಿಟ್ಟರೆ 1,91,000 ಆಗುತ್ತದೆ. ಕೈಯಿಂದ ಹಾಕಬೇಕಾದ ಹಣ ಹೋಗಿ, ಕಾಗದಪತ್ರದ ಖರ್ಚಿಗೂ ಆಪತ್ಕಾಲಕ್ಕೂ 41,000 ಉಳಿಯುತ್ತದೆ. ಆಮೇಲೆ ಕೈಗೆ ಬರುವ ಹೆಚ್ಚಿನ ಹಣವನ್ನೆಲ್ಲ ಶೇ. 15ರ ಸಾಲಕ್ಕೆ ಕಟ್ಟುತ್ತ ಹೋಗಬೇಕು.

ಆದ್ದರಿಂದ ಮನೆ ಸಾಲಕ್ಕೆ ಮುನ್ನ ಪ್ರತಿ ಸಾಲದ ಕಂತನ್ನು ಅದರ ಬಾಕಿಯಿಂದ ಭಾಗಿಸಿ ನೋಡಬೇಕು. ಭಾಗಲಬ್ಧ ಯಾವುದಕ್ಕೆ ದೊಡ್ಡದೋ ಅದನ್ನು ಮೊದಲು ತೀರಿಸಬೇಕು. ಎರಡು ಎಚ್ಚರಿಕೆಗಳಿವೆ. ಅವಧಿಗೆ ಮುನ್ನ ತೀರಿಸಿದರೆ ಶುಲ್ಕವಿದೆಯೇ ಎಂದು ಕೇಳಬೇಕು. ಕೆಲವೇ ಕಂತು ಉಳಿದಿರುವ ಸಾಲವನ್ನು ಕೆಲವು ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದನ್ನೂ ವಿಚಾರಿಸಬೇಕು.

ಕಾಗದಕ್ಕೆ ಬಾರದ ಸಾಲಗಳು

ಹಳ್ಳಿಯ ಎಲ್ಲ ಸಾಲವೂ ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲ ಯಾವ ದಾಖಲೆಯಲ್ಲೂ ಇರುವುದಿಲ್ಲ. ‘ಮೂರು ರೂಪಾಯಿ ತಾನೆ’ ಎನ್ನಿಸಬಹುದು. ಆದರೆ ಅದು ವರ್ಷಕ್ಕೆ ಶೇ. 36. 50,000 ಪಡೆದವರು ವರ್ಷಕ್ಕೆ 18,000 ಬಡ್ಡಿ ಕೊಟ್ಟರೂ ಅಸಲು ಹಾಗೆಯೇ ಇರುತ್ತದೆ. ಬ್ಯಾಂಕು ಇದನ್ನು ಕಾಣದೆ ಮನೆ ಸಾಲ ಕೊಟ್ಟುಬಿಟ್ಟರೂ ಕಟ್ಟುವವರು ನಾವೇ. ಇಂಥ ಸಾಲವಿದ್ದರೆ ಮೇಲಿನ ಸೂತ್ರವನ್ನು ಬದಿಗಿಟ್ಟು ಮೊದಲು ಇದನ್ನೇ ತೀರಿಸುವುದು ವಿವೇಕ.

ಸಕಾಲಕ್ಕೆ ಕಟ್ಟಿದರೆ ಬಡ್ಡಿಯೇ ಇಲ್ಲದ ಸಹಕಾರ ಸಂಘದ ಬೆಳೆಸಾಲದ ಕಥೆ ಬೇರೆ. ಅದನ್ನು ಅವಸರದಿಂದ ತೀರಿಸುವ ಅಗತ್ಯವಿಲ್ಲ. ಗಡುವು ಮಾತ್ರ ತಪ್ಪಬಾರದು. ಕೊಬ್ಬರಿ, ರಾಗಿ ಮಾರಿದಾಗ ಮಾತ್ರ ಹಣ ಕಾಣುವ ಮನೆಗಳಲ್ಲಿ ಆ ಗಡುವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು. ನೆಂಟರ ಸಾಲಕ್ಕೆ ಹಾಕಿದ ಜಾಮೀನನ್ನೂ ಮರೆಯಬಾರದು. ಅವರು ಕಟ್ಟದಿದ್ದರೆ ಕಪ್ಪುಚುಕ್ಕೆ ನಮ್ಮ ದಾಖಲೆಗೂ ಬೀಳಬಹುದು.

ವಾರದ ಕಂತಿನ ಕಿರುಸಾಲದಲ್ಲಿ ಸಿಲುಕಿದವರು ಒಂದನ್ನು ತೀರಿಸಲು ಮತ್ತೊಂದನ್ನು ಪಡೆಯುವುದು ಸಾಮಾನ್ಯ. ವಸೂಲಿಯ ಹೆಸರಿನಲ್ಲಿ ನಡೆಯುವ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಇಂಥ ಸ್ಥಿತಿಯಲ್ಲಿರುವ ಕುಟುಂಬ ಮನೆ ಸಾಲದ ಯೋಚನೆಯನ್ನು ಒಂದೆರಡು ವರ್ಷ ಮುಂದೂಡುವುದೇ ಕ್ಷೇಮ.

‘ತೀರಿತು’ ಎನ್ನಲು ಏನು ಬೇಕು?

ಕೊನೆಯ ಕಂತು ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಸಾಲ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಜಮೀನಿನ ಮೇಲೆ ಸಾಲವಿದ್ದರೆ ಪಹಣಿಯ ಋಣಗಳ ಕಾಲಂನಿಂದ ಅದನ್ನು ತೆಗೆಸಬೇಕು. ಪೂರ್ತಿ ಕಟ್ಟಿ ಮುಗಿಸುವುದಕ್ಕೂ, ಬ್ಯಾಂಕಿನೊಡನೆ ಮಾತಾಡಿ ಕಡಿಮೆ ಹಣಕ್ಕೆ ಇತ್ಯರ್ಥ ಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಎರಡನೆಯದು ದಾಖಲೆಯಲ್ಲಿ ಬೇರೆಯಾಗಿಯೇ ನಮೂದಾಗುತ್ತದೆ ಮತ್ತು ಮುಂದೆ ಮನೆ ಸಾಲಕ್ಕೆ ತೊಡಕಾಗುತ್ತದೆ.

ಪ್ರತಿ ಸಾಲಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. 2025ರ ಜನವರಿಯಲ್ಲಿ ಈ ಮಾಹಿತಿಯನ್ನು ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಹೊಸದಾಗಿಸಬೇಕೆಂಬ ನಿಯಮ ಜಾರಿಗೆ ಬಂತು. ಅರ್ಜಿ ಹಾಕುವ ಮುನ್ನ ವರದಿ ತರಿಸಿ, ತೀರಿದ ಸಾಲ ತೀರಿದೆ ಎಂದೇ ಬಂದಿದೆಯೇ ಎಂದು ನೋಡಬೇಕು.

ವಿದ್ಯಾರ್ಥಿಗಳಿಗೆ ಇದೆಲ್ಲ ದೂರದ ಮಾತು ಎನ್ನಿಸಬಹುದು. ಆದರೆ ಹದಿನೆಂಟು ತುಂಬಿದ ಮೇಲೆ ಕಂತಿನಲ್ಲಿ ಕೊಂಡ ಮೊಬೈಲು, ಪಡೆದ ಶಿಕ್ಷಣ ಸಾಲ ಎಲ್ಲವೂ ನಿಮ್ಮ ಹೆಸರಿನ ದಾಖಲೆಯ ಮೊದಲ ಪುಟಗಳು. ಮುಂದೆ ಮನೆ ಕಟ್ಟುವಾಗ ಬ್ಯಾಂಕು ತೆರೆದು ನೋಡುವುದು ಆ ಪುಟಗಳನ್ನೇ.

ನೀವೇ ಮಾಡಿ ನೋಡಿ

1. ಒಬ್ಬರ ವರಮಾನ ತಿಂಗಳಿಗೆ 30,000 ರೂ. ಎರಡು ಸಾಲಗಳಿವೆ: ಕಂತು 2,000, ಬಾಕಿ 40,000, ಕಂತು 1,200, ಬಾಕಿ 9,600. ಮೊದಲು ಯಾವುದನ್ನು ತೀರಿಸಬೇಕು? ತೀರಿಸುವ ಮುನ್ನ ಮತ್ತು ತೀರಿಸಿದ ಮೇಲೆ ಎಷ್ಟು ಮನೆ ಸಾಲ ಸಿಗಬಹುದು?

2. ಮನೆಯ ಹಿರಿಯರ ಜೊತೆ ಕುಳಿತು, ಅವರ ಒಪ್ಪಿಗೆ ಪಡೆದು, ಎಲ್ಲ ಸಾಲಗಳ ಕಂತು, ಬಾಕಿ ಮತ್ತು ವರ್ಷದ ಬಡ್ಡಿದರವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೈಸಾಲವನ್ನೂ ಸೇರಿಸಿ. ಒಟ್ಟು ಮೊತ್ತವನ್ನು ಮೊದಲ ಬಾರಿಗೆ ಒಂದೇ ಕಡೆ ಕಾಣುವ ಮನೆಗಳು ಕಡಿಮೆಯೇನಲ್ಲ.