ಬೀದರಿನ ಬ್ರೆಡ್ಡಿಗೆ ಡಬಲ್ ಆ್ಯಕ್ಟಿಂಗ್!

ಭಾಲ್ಕಿ, ಔರಾದ್ ಹುಡುಗರೇ, ಬೀದರಿನಲ್ಲಿ ಸಿನಿಮಾ ನೋಡಿ, ಬಿರಿಯಾನಿ ಹೊಡೆದು ಸೀದಾ ಬಸ್ ಹತ್ತೋದಾ? ತಡೀರಿ, ಕ್ಲೈಮ್ಯಾಕ್ಸ್ ಬಾಕಿ ಇದೆ... ಡಬಲ್ ಕಾ ಮೀಠಾ! ಹೆಸರಿಗೆ ಹೆದರಬೇಡಿ. ಉಬ್ಬುವ ಬ್ರೆಡ್ಡಿಗೆ ಈ ಸೀಮೆಯಲ್ಲಿ 'ಡಬಲ್ ರೋಟಿ' ಅಂತಾರೆ. ಬೆಳಿಗ್ಗೆ ಚಹಾದಲ್ಲಿ ಅದ್ದುವ ಅದೇ ಬಡ ಬ್ರೆಡ್ಡು ತುಪ್ಪದಲ್ಲಿ ಕರಿದು, ಹಾಲು, ಸಕ್ಕರೆ ಪಾಕ, ಏಲಕ್ಕಿಯಲ್ಲಿ ನೆನೆದರೆ ರಾತ್ರಿ ನವಾಬ! ಇಂಗ್ಲೆಂಡಿನಲ್ಲೂ ಉಳಿದ ಬ್ರೆಡ್ಡು ಮೊಟ್ಟೆ, ಹಾಲು ಸೇರಿ ಪುಡ್ಡಿಂಗ್ ವೇಷ ಹಾಕುತ್ತದೆ.

1948ರವರೆಗೆ ಬೀದರ್ ನಿಜಾಮರ ಸೀಮೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾಯ್ತು, ನಾಲಿಗೆ ಬದಲಾಗಲಿಲ್ಲ! ಆದರೆ ಎಲ್ಲರೂ ಐಸ್‌ಕ್ರೀಮನ್ನೇ ಕೇಳಿದರೆ ಈ ನವಾಬ ತೆರೆಮರೆಗೆ ಸರಿದಾನು. ಕೇಳುವವರಿಲ್ಲದಿದ್ದರೆ ಮಾಡುವವರೂ ಇರೋಲ್ಲ. ಮುಂದಿನ ಸಲ ಬಿಲ್ ಬರೋ ಮುಂಚೆ ಕೂಗಿ ಹೇಳಿ: "ಒಂದು ಡಬಲ್!"