ಯೋಗಾಭ್ಯಾಸಕ್ಕೆ ಅವಸರ ಬೇಡ: ಕಾಯೋತ್ಸರ್ಗದಿಂದ ಆರಂಭಿಸಿ



ಪ್ರತಿವರ್ಷ ಜೂನ್ 21ರ ಅಂತಾರಾಷ್ಟ್ರೀಯ ಯೋಗ ದಿನದಂದು ಅನೇಕರು ಉತ್ಸಾಹದಿಂದ ಚಾಪೆ ಹಾಸುತ್ತಾರೆ. ಮೊದಲ ದಿನವೇ ಪದ್ಮಾಸನ, ಹಲಾಸನಕ್ಕೆ ಕೈಹಾಕಿ, ಮೂರನೆಯ ದಿನ ಸೊಂಟ ಹಿಡಿದುಕೊಂಡು ಬಿಟ್ಟುಬಿಡುತ್ತಾರೆ. ಅವಸರವೇ ಇದಕ್ಕೆ ಕಾರಣ.

ನಮ್ಮ ಆಚಾರ್ಯರು ಈ ಅವಸರವನ್ನು ಒಪ್ಪಿಲ್ಲ. ಶುಭಚಂದ್ರಾಚಾರ್ಯರ ‘ಜ್ಞಾನಾರ್ಣವ’ ಹಾಗೂ 12ನೇ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ ಹಲವು ಆಸನಗಳನ್ನು ಹೇಳಿ, ಯಾವುದರಲ್ಲಿ ಮನಸ್ಸು ಸ್ಥಿರವಾಗುವುದೋ ಅದನ್ನೇ ಧ್ಯಾನಕ್ಕೆ ಆರಿಸಿಕೊಳ್ಳಬೇಕೆಂದು ತಿಳಿಸುತ್ತವೆ. ಮೊಣಕಾಲು ನೋಯುತ್ತಿದ್ದರೆ ಮನಸ್ಸು ಮೊಣಕಾಲಿನಲ್ಲೇ ಇರುತ್ತದೆ, ಸಾಮಾಯಿಕದಲ್ಲಿ ನಿಲ್ಲುವುದಿಲ್ಲ.

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಲ್ಲಿ ಕೈ ಮೇಲೆತ್ತಿ ದುಡಿಯುವವರಿಗೆ ಕುತ್ತಿಗೆ, ಭುಜ ಬಿಗಿಯುತ್ತವೆ. ವಿಜಯಪುರ ನಗರದಲ್ಲಿ ದಿನವಿಡೀ ಅಂಗಡಿಯಲ್ಲಿ ಕೂರುವವರಿಗೆ ಸೊಂಟ, ತೊಡೆ ಬಿಗಿಯುತ್ತವೆ. ಇಬ್ಬರಿಗೂ ಕಾಯೋತ್ಸರ್ಗ ಸುಲಭವಾದ ಮೊದಲ ಹೆಜ್ಜೆ.

ಮೊದಲ ವಾರ: ಪಾದಗಳ ನಡುವೆ ನಾಲ್ಕು ಅಂಗುಲ ಅಂತರ ಬಿಟ್ಟು ನೇರವಾಗಿ ನಿಲ್ಲಿ. ಕೈಗಳನ್ನು ಇಳಿಬಿಟ್ಟು ಭುಜ ಸಡಿಲಿಸಿ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರಿನಂತೆ ಒಂಬತ್ತು ಸಲ ಜಪಿಸಿದರೆ 27 ಉಸಿರಾಗುತ್ತದೆ. ಗಡಿಯಾರ ಬೇಕಿಲ್ಲ. ನಿಂತಾಗ ತೂಕ ತಪ್ಪುವ ಹಿರಿಯರು ಗೋಡೆಯ ಪಕ್ಕದಲ್ಲಿ ನಿಲ್ಲಲಿ. ನಂತರ ಮಡಿಚಿದ ಕಂಬಳಿಯ ಮೇಲೆ ಐದು ನಿಮಿಷ ಸುಖಾಸನದಲ್ಲಿ ಕುಳಿತುಕೊಳ್ಳಿ. ನೆಲದ ಮೇಲೆ ಕೂರಲಾಗದವರಿಗೆ ಕುರ್ಚಿಯೂ ಆಗುತ್ತದೆ.

ಎರಡನೆಯ ವಾರ: ಉಸಿರೆಳೆಯುತ್ತಾ ಕೈ ಮೇಲೆತ್ತುವ ತಾಡಾಸನ, ಹೊಟ್ಟೆಯ ಮೇಲೆ ಮಲಗಿ ಎದೆಯನ್ನು ಸ್ವಲ್ಪವೇ ಎತ್ತುವ ಭುಜಂಗಾಸನ ಸೇರಿಸಿ. ತಲಾ ಮೂರು ಸಲ ಸಾಕು. ಉಸಿರು ಕಟ್ಟಬೇಡಿ. ಕೊನೆಗೆ ಶವಾಸನ.

ಮೂರನೆಯ ವಾರದಿಂದ: ನೋವಿಲ್ಲದಿದ್ದರೆ ದಿನಕ್ಕೆ ಒಂದೆರಡು ನಿಮಿಷ ಹೆಚ್ಚಿಸಿ.

ಸ್ನಾಯು ಹಿತವಾಗಿ ಎಳೆದಂತಾಗುವುದು ಸಹಜ. ಚುಚ್ಚುವ ನೋವು, ಜೋಮು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.

ಅಭ್ಯಾಸಕ್ಕೆ ಬೆಳಗಿನ ಹೊತ್ತು ಉತ್ತಮ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಆಗ ಹೊಟ್ಟೆ ಹಗುರವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುವುದರಿಂದ ಹೊತ್ತೇರುವ ಮುನ್ನವೇ ಮುಗಿಸಿ. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದಾಗ ಶ್ರಮದ ಆಸನ ಬೇಡ; ಕುಳಿತು ಜಪ ಮಾಡಿದರೂ ಸಾಕು.

ರಕ್ತದೊತ್ತಡ, ಹೃದಯ ಸಮಸ್ಯೆ, ಬೆನ್ನುಹುರಿ ತೊಂದರೆ ಇರುವವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಶೀರ್ಷಾಸನ, ಕಪಾಲಭಾತಿಯಂಥವನ್ನು ವಿಡಿಯೋ ನೋಡಿ ಕಲಿಯಬೇಡಿ. ಬಲ್ಲ ಗುರುಗಳ ಎದುರೇ ಕಲಿಯಿರಿ.

ಸಾಮಾಯಿಕದ ಒಂದು ಮುಹೂರ್ತವೆಂದರೆ 48 ನಿಮಿಷ. ಇಂದು ಐದು ನಿಮಿಷ ನೆಮ್ಮದಿಯಾಗಿ ಕುಳಿತವರು ದಿನ ಕಳೆದಂತೆ ಅಲ್ಲಿಗೂ ತಲುಪಬಹುದು. ದೇಹವನ್ನು ಹಿಂಸಿಸದಿರುವುದೂ ಅಹಿಂಸೆಯೇ.