ಮಾತಿಗೆ ಬಾರದ ದುಃಖ ಕಾಗದಕ್ಕೆ ಬಂದಾಗ

ಹೋದ ತಿಂಗಳ ಸಂಚಿಕೆಯಲ್ಲಿ ಸಬ್ರ್ ಕುರಿತ ಜುಮಾ ಖುತ್ಬಾದ ಸಾರಾಂಶ ಅಚ್ಚಾದ ಮೇಲೆ ಹರಿಹರದಿಂದ ಒಂದು ಪತ್ರ ಬಂತು. ಹೆಸರು ಹಾಕಿಲ್ಲ. ಬರೆದವರು ಒಬ್ಬ ಸಹೋದರಿ. 2021ರ ಎರಡನೇ ಅಲೆಯಲ್ಲಿ ಅವರ ಪತಿ ಕೊರೊನಾದಿಂದ ತೀರಿಕೊಂಡರು. ಆಂಬುಲೆನ್ಸ್ ಹತ್ತಿ ದಾವಣಗೆರೆಗೆ ಹೋದವರು ಮನೆಗೆ ಮರಳಲಿಲ್ಲ. ಮಯ್ಯತ್ ಆಸ್ಪತ್ರೆಯಿಂದ ನೇರ ಖಬರಸ್ತಾನಕ್ಕೆ ಹೋಯಿತು. ಮುಖ ನೋಡಲಿಕ್ಕೂ ಆಗಲಿಲ್ಲ. "ಅಂದಿನಿಂದ ನಾನು ಸರಿಯಾಗಿ ಅತ್ತೇ ಇಲ್ಲ. ಎಲ್ಲರೂ ಸಬ್ರ್ ಮಾಡು ಎಂದರು, ಮಾಡಿದೆ. ಈಗ ರಾತ್ರಿ ಎದೆ ಹಿಡಿದಂತಾಗುತ್ತದೆ, ಇಸಿಜಿ ನಾರ್ಮಲ್ ಬರುತ್ತದೆ" ಎಂದು ಬರೆದಿದ್ದಾರೆ.

ಪತ್ರದ ಅಸಲು ವಿಷಯ ಅವರ ಮಗನದು. ಹುಡುಗ ಈಗ ನಾಲ್ಕನೇ ಕ್ಲಾಸು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಒಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಾನೆ: ಬಾಗಿಲೇ ಇಲ್ಲದ ಒಂದು ಆಂಬುಲೆನ್ಸ್. ಆಪ್ತಸಮಾಲೋಚಕರೊಬ್ಬರು ಅವನನ್ನು ವಾರಕ್ಕೊಮ್ಮೆ ಕರೆತನ್ನಿ, ಬಣ್ಣ, ಜೇಡಿಮಣ್ಣು, ಗೊಂಬೆ ಕೊಟ್ಟು ಕೆಲಸ ಮಾಡೋಣ ಎಂದರಂತೆ. ಮನೆಯ ಹಿರಿಯರು ಒಪ್ಪುತ್ತಿಲ್ಲ. ಕ್ರೆಯಾನ್ ಹಿಡಿದು ಆಡುವುದು ಎಂಥ ಇಲಾಜು ಎಂದು ಒಬ್ಬರು, ತಸ್ವೀರ್ ಬರೆಯುವುದು ನಮ್ಮಲ್ಲಿ ಇಲ್ಲ ಎಂದು ಇನ್ನೊಬ್ಬರು. ಇದು ನಿಜವಾದ ಚಿಕಿತ್ಸೆಯೇ, ನಮಗೆ ಇದರಲ್ಲಿ ಅನುಮತಿ ಇದೆಯೇ ಎಂಬುದು ಸಹೋದರಿಯ ಪ್ರಶ್ನೆ.

ನಾನು ಆಲಿಮಾ ಅಲ್ಲ. ಹಲವು ವರ್ಷ ಆಪ್ತಸಮಾಲೋಚನೆಯ ಕೆಲಸ ಮಾಡಿದವಳು. ಆದ್ದರಿಂದ ಮೊದಲ ಪ್ರಶ್ನೆಗೆ ವಿವರವಾಗಿ, ಎರಡನೆಯದಕ್ಕೆ ನನಗೆ ತಿಳಿದಷ್ಟು ಉತ್ತರಿಸುತ್ತೇನೆ.

ಅದಕ್ಕೂ ಮೊದಲು ಸಬ್ರ್ ಬಗ್ಗೆ ಒಂದು ಮಾತು. ಸಬ್ರ್ ಎಂದರೆ ಅಳದಿರುವುದು ಎಂದು ನಮ್ಮ ಮನೆಗಳಲ್ಲಿ ಯಾವಾಗಲೋ ಅರ್ಥ ಕೂತುಬಿಟ್ಟಿದೆ. ಪ್ರವಾದಿವರ್ಯರು(ಸ) ತಮ್ಮ ಕೂಸು ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಕಣ್ಣೀರಿಟ್ಟರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅಚ್ಚರಿಪಟ್ಟು ಕೇಳಿದಾಗ ಅದು ಕರುಣೆ ಎಂದರು. ಇದು ಬುಖಾರಿಯಲ್ಲಿದೆ. ಯಾಕೂಬರು(ಅ) ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣು ಬೆಳ್ಳಗಾದ ಕತೆ ಸೂರಃ ಯೂಸುಫ್‌ನಲ್ಲಿದೆ, ಅದೇ ಸೂರಃದಲ್ಲಿ ಅವರ ಸಬ್ರ್‌ನ ಮಾತೂ ಇದೆ. ತಡೆದಿರುವುದು ಬಟ್ಟೆ ಹರಿದುಕೊಂಡು, ಕೆನ್ನೆ ಬಡಿದುಕೊಂಡು ಗೋಳಿಡುವುದನ್ನು. ದುಃಖ ಹೊರಬರುವುದನ್ನಲ್ಲ.

ಈಗ ಚಿಕಿತ್ಸೆಯ ವಿಷಯ. ಮನೋಚಿಕಿತ್ಸೆ ಎಂದರೆ ಸಾಮಾನ್ಯವಾಗಿ ಮಾತು. ಎದುರು ಕೂತು ಹೇಳುವುದು, ಕೇಳುವುದು. ಆದರೆ ಕೆಲವು ಸಂಗತಿಗಳು ಮಾತಿಗೆ ಸಿಗುವುದಿಲ್ಲ. ಚಿಕ್ಕ ಮಗುವಿಗೆ ಪದಗಳೇ ಗೊತ್ತಿರುವುದಿಲ್ಲ. ದೊಡ್ಡವರಿಗೆ ನಾಚಿಕೆ, ಭಯ, ಇಲ್ಲವೇ ಆ ಘಟನೆ ಒಂದು ವಾಸನೆಯಾಗಿ, ಸೈರನ್ ಸದ್ದಾಗಿ ಮಾತ್ರ ಉಳಿದಿರುತ್ತದೆ. ನಮ್ಮ ಜನರಿಗೆ ಇನ್ನೊಂದು ತೊಡಕೂ ಉಂಟು. ಮನೆಯಲ್ಲಿ ದಖ್ಖನಿ, ಶಾಲೆ-ಆಸ್ಪತ್ರೆಯಲ್ಲಿ ಕನ್ನಡ. "ದಿಲ್ ಘಬ್ರಾರಾ" ಎಂದು ಅಮ್ಮಿಗೆ ಹೇಳಿದ್ದನ್ನು ಡಾಕ್ಟರಿಗೆ ಹೇಳುವಾಗ "ಎದೆ ನೋವು" ಆಗುತ್ತದೆ, ಚೀಟಿ ಹೃದಯದ ವಿಭಾಗಕ್ಕೆ ಹೋಗುತ್ತದೆ. ಬಣ್ಣಕ್ಕೆ, ಮಣ್ಣಿಗೆ ಈ ಅನುವಾದ ಬೇಡ.

ಇದಕ್ಕೆ ಇಂಗ್ಲಿಷಿನಲ್ಲಿ ಆರ್ಟ್ ಥೆರಪಿ ಎಂದು ಹೆಸರು. 1942ರಲ್ಲಿ ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರರು ಈ ಹೆಸರಿಟ್ಟರು. ಕ್ಷಯರೋಗದಿಂದ ಸ್ಯಾನಟೋರಿಯಮ್ಮಿನಲ್ಲಿ ಮಲಗಿದ್ದವರು, ಬೇಸರ ಕಳೆಯಲು ಮಂಚದ ಮೇಲೆಯೇ ಚಿತ್ರ ಬರೆಯತೊಡಗಿ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಅದನ್ನು ಹೇಳಿಕೊಟ್ಟರು. ಹೆಸರು ಹೊಸದು, ತಿಳಿವಳಿಕೆ ಹಳೆಯದು. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖೀ ದೇಹದ ಆರೋಗ್ಯ, ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಬರೆದು, ಕಾರಣ ಗೊತ್ತಿರುವ ದುಃಖ ಬೇರೆ, ಕಾರಣ ತಿಳಿಯದೆ ಕವಿಯುವ ದುಃಖ ಬೇರೆ ಎಂದು ವಿಂಗಡಿಸಿದರು. ಇಂದಿನ ತುರ್ಕಿಯ ಎದಿರ್ನೆಯಲ್ಲಿ 1488ರಲ್ಲಿ ಸುಲ್ತಾನ್ ಎರಡನೇ ಬಾಯಝೀದ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ವಾರಕ್ಕೆ ಮೂರು ದಿನ ವಾದ್ಯಗಾರರು ಬರುತ್ತಿದ್ದರು, ಹೂವಿನ ಪರಿಮಳವೂ ಚಿಕಿತ್ಸೆಯ ಭಾಗವಾಗಿತ್ತು ಎಂದು 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಬರೆದಿಟ್ಟಿದ್ದಾರೆ. ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇದೆ, ಅದರೊಳಗೆ ನಾನು ಹೋಗುವುದಿಲ್ಲ. ಹುಚ್ಚು ಹಿಡಿಯಿತೆಂದು ಸರಪಳಿ ಬಿಗಿಯುವುದು ಎಷ್ಟೋ ಕಡೆ ರೂಢಿಯಾಗಿದ್ದ ಕಾಲದಲ್ಲಿ ಮುಸಲ್ಮಾನರ ಒಂದು ಆಸ್ಪತ್ರೆ ಹೀಗಿತ್ತು ಎಂಬುದಷ್ಟೇ ನನ್ನ ಮಾತು.

ಕೋಣೆಯೊಳಗೆ ಏನು ನಡೆಯುತ್ತದೆ? ಹೊರಗೆ ಕೂತ ತಾಯಿಗೆ ಕಾಣುವುದು ಬರೀ ಆಟ. ಮೇಜಿನ ಮೇಲೆ ಕಾಗದ, ಕ್ರೆಯಾನ್, ಹಳೆಯ ಪತ್ರಿಕೆ, ಜೇಡಿಮಣ್ಣು. ಮಗು ಯಾವುದನ್ನು ಎತ್ತಿಕೊಳ್ಳುತ್ತದೋ ಅದರಿಂದ ಶುರು. ಸಿಟ್ಟು ತುಂಬಿಕೊಂಡವರಿಗೆ ಜೇಡಿಮಣ್ಣು ಒಗ್ಗುತ್ತದೆ. ಗುದ್ದಬಹುದು, ಹಿಚುಕಬಹುದು, ಮುರಿದದ್ದನ್ನು ಮತ್ತೆ ಕೂಡಿಸಬಹುದು. ಏನನ್ನೂ ಬರೆಯಲು ಹೆದರುವವರಿಗೆ ಪತ್ರಿಕೆಯ ಚೂರು ಹರಿದು ಅಂಟಿಸುವುದು ಸುಲಭ. ಚಂದ ಬರಬೇಕೆಂದಿಲ್ಲ. ಅದನ್ನು ಕಲಿಯುವವರಿಗೆ ನಮ್ಮ ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಇಲ್ಲಿ ಮಾರ್ಕ್ಸ್ ಇಲ್ಲ.

ಚಿತ್ರ ಮುಗಿದ ಮೇಲೆ ಚಿಕಿತ್ಸಕರ ಕೆಲಸ ಶುರುವಾಗುತ್ತದೆ. ಕಪ್ಪು ಬಣ್ಣ ಎಂದರೆ ದುಃಖ, ಕೆಂಪು ಎಂದರೆ ಕೋಪ ಎಂದು ಪಂಚಾಂಗ ನೋಡಿದ ಹಾಗೆ ಹೇಳುವವರನ್ನು ನಂಬಬೇಡಿ. ಕಪ್ಪು ಕ್ರೆಯಾನ್ ಮಾತ್ರ ಮೊನಚಾಗಿತ್ತು ಎಂಬುದೂ ಕಾರಣವಾಗಿರಬಹುದು. ತರಬೇತಿ ಪಡೆದವರು ಅರ್ಥ ಹೇಳುವುದಿಲ್ಲ, ಕೇಳುತ್ತಾರೆ. "ಈ ಗಾಡಿ ಎಲ್ಲಿಗೆ ಹೋಗ್ತಿದೆ?" "ಒಳಗೆ ಯಾರಿದ್ದಾರೆ?" "ಹೊರಗೆ ನಿಂತವರು ಏನು ಮಾಡ್ತಿದ್ದಾರೆ?" ಹುಡುಗ ತನ್ನ ಬಗ್ಗೆ ಹೇಳಲಾರ, ಗಾಡಿಯ ಬಗ್ಗೆ ಹೇಳಬಲ್ಲ. ನೋವು ಒಳಗಿರುವ ತನಕ ಅದು ಅವನನ್ನು ನೋಡುತ್ತಿರುತ್ತದೆ. ಕಾಗದದ ಮೇಲೆ ಬಂದರೆ ಅವನು ಅದನ್ನು ನೋಡಬಹುದು, ಮಡಚಬಹುದು, ಡ್ರಾಯರಿನಲ್ಲಿ ಇಟ್ಟು ಮನೆಗೆ ಹೋಗಬಹುದು. ಬಾಗಿಲಿಲ್ಲದ ಗಾಡಿಗೆ ಒಂದು ದಿನ ಅವನೇ ಬಾಗಿಲು ಬರೆದಾನು. ಬರೆಯದೆಯೂ ಇರಬಹುದು. ಇಂತಿಷ್ಟೇ ವಾರ ಎಂದು ಯಾರೂ ಗ್ಯಾರಂಟಿ ಕೊಡಲಾರರು.

ಗೊಂಬೆಗಳ ವಿಷಯವೂ ಹೀಗೆಯೇ. ಮಗು ಗೊಂಬೆಯನ್ನು ಮಲಗಿಸುತ್ತದೆ, ಚಾದರ ಹೊದಿಸುತ್ತದೆ, ಮತ್ತೆ ಎಬ್ಬಿಸುತ್ತದೆ. ನೋಡಲಾಗದೆ ಹೋದ ಜನಾಝಾವನ್ನು ತನಗೆ ತಿಳಿದ ರೀತಿಯಲ್ಲಿ ನೋಡುತ್ತಿದೆ. ತಡೆಯಬೇಡಿ, ಬೈಯಬೇಡಿ.

ದೊಡ್ಡವರಿಗೆ ಬರವಣಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಬದುಕಿನ ಅತಿ ನೋವಿನ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಮನಸ್ಸು ಇನ್ನಷ್ಟು ಭಾರವಾಯಿತು. ಆದರೆ ಮುಂದಿನ ತಿಂಗಳುಗಳಲ್ಲಿ ಘಟನೆಯನ್ನೂ ಭಾವನೆಯನ್ನೂ ಸೇರಿಸಿ ಬರೆದವರು ಡಾಕ್ಟರ ಬಳಿಗೆ ಹೋದದ್ದು ಕಡಿಮೆಯಾಯಿತು. ಮುಂದೆ ನಡೆದ ಅಧ್ಯಯನಗಳಲ್ಲಿ ಕೆಲವರಿಗೆ ಲಾಭ ಕಂಡಿದೆ, ಕೆಲವರಿಗೆ ಏನೂ ಕಂಡಿಲ್ಲ. ಹೆಚ್ಚು ಆಸೆ ಹುಟ್ಟಿಸಬಾರದು. ಆದರೂ ಮುಖ ನೋಡದೆ ಮಣ್ಣು ಮಾಡಿದವರಿಗೆ, ತೀರಿಕೊಂಡವರಿಗೆ ಒಂದು ಪತ್ರ ಬರೆಯಿರಿ ಎಂದು ಆಪ್ತಸಮಾಲೋಚಕರು ಹೇಳುವುದುಂಟು. ಅಂಚೆಗೆ ಹಾಕದ ಪತ್ರ. ಮಾಫಿ ಕೇಳಬೇಕಿದ್ದುದು, ಜಗಳ ಉಳಿದಿದ್ದುದು, ಹೇಳದೇ ಹೋದದ್ದು ಎಲ್ಲ ಅದರಲ್ಲಿ.

ಗಂಡಸರ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಎರಡು ಮಾತು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ, ದಾವಣಗೆರೆಯ ಬಟ್ಟೆ ಮಿಲ್ಲುಗಳು ಒಂದೊಂದಾಗಿ ನಿಂತಾಗ ಎಷ್ಟು ಮನೆಗಳಲ್ಲಿ ಅಬ್ಬಾಗಳು ಮಾತು ನಿಲ್ಲಿಸಿದರು, ನೆನಪಿಸಿಕೊಳ್ಳಿ. ಸಾವಿಗಾದರೆ ಜನಾಝಾ ಇದೆ, ತಾಝಿಯತ್‌ಗೆ ಜನ ಬರುತ್ತಾರೆ. ಹೋದ ನೌಕರಿಗೆ ಯಾರೂ ಬರುವುದಿಲ್ಲ. ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ದಿನವೆಲ್ಲ ನಿಂತವರಿಗೆ "ನಿಮ್ಮ ಭಾವನೆ ಹೇಳಿ" ಎಂದರೆ ನಕ್ಕು ಎದ್ದುಹೋಗುತ್ತಾರೆ. ಅಂಥವರಿಗೆ ಕೈಗೆ ಕೆಲಸ ಕೊಡುವ ದಾರಿ, ಇಲ್ಲವೇ ಬೇರೊಬ್ಬರ ಪಾತ್ರ ಕಟ್ಟುವ ದಾರಿ ನಡೆದೀತು. ಮೈಸೂರಿನ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಅವರು ಜೈಲಿನ ಕೈದಿಗಳಿಂದಲೇ ನಾಟಕ ಆಡಿಸಿದ್ದು ನಮ್ಮ ರಾಜ್ಯದಲ್ಲಿಯೇ. ತನ್ನ ತಪ್ಪನ್ನು ತಾನು ಹೇಳಲಾರದ ಮನುಷ್ಯ ಇನ್ನೊಬ್ಬನ ಪಾತ್ರದೊಳಗೆ ನಿಂತು ಅದನ್ನು ಹೇಳಬಲ್ಲ.

ನನ್ನ ಅಮ್ಮಿಯ ಒಂದು ವಿಷಯ ಹೇಳಿಬಿಡುತ್ತೇನೆ. ಅಬ್ಬಾ ತೀರಿಕೊಂಡಾಗ ನಾಲ್ಕು ತಿಂಗಳು ಹತ್ತು ದಿನದ ಇದ್ದತ್. ಮೊದಲ ತಿಂಗಳು ಗೋಡೆ ನೋಡುತ್ತ ಕೂತಿದ್ದರು. ಆಮೇಲೆ ಪಕ್ಕದ ಮನೆಯ ಗೌರಮ್ಮನೋರು ಕೌದಿ ಹೊಲಿಯಲು ಸೂಜಿ ದಾರ ತಂದು ಕೊಟ್ಟರು. ಅಮ್ಮಿ ಅಬ್ಬಾನ ಹಳೆಯ ಲುಂಗಿ, ಎರಡು ಅಂಗಿ, ತಮ್ಮ ಸೀರೆಗಳನ್ನು ಕತ್ತರಿಸಿ ಜೋಡಿಸತೊಡಗಿದರು. ಒಂದೊಂದು ತುಂಡು ಕೈಗೆ ಬಂದಾಗ ಅದರ ಕತೆ. ಇದು ಆ ಈದ್‌ಗೆ ತಂದದ್ದು, ಇದರ ಜೇಬಿನಲ್ಲಿ ಬೀಡಿ ಇಟ್ಟು ತೂತಾದದ್ದು. ಕತೆ ಹೇಳುತ್ತ ಅತ್ತರು, ಒಮ್ಮೊಮ್ಮೆ ನಕ್ಕರು. ಬಟ್ಟೆಯೆಲ್ಲ ದಾನ ಕೊಟ್ಟುಬಿಡಬೇಕಿತ್ತು ಎಂದು ನೆಂಟರು ಗೊಣಗಿದ್ದೂ ಉಂಟು. ಕೌದಿ ಮುಗಿಯುವ ಹೊತ್ತಿಗೆ ಅಮ್ಮಿಗೆ ನಿದ್ದೆ ಬರುತ್ತಿತ್ತು. ಇದು ಥೆರಪಿ ಎಂದು ನಾನು ಕರೆಯುವುದಿಲ್ಲ, ಅಲ್ಲಿ ಚಿಕಿತ್ಸಕರು ಇರಲಿಲ್ಲ. ಆದರೆ ಕೈ ಕೆಲಸ ಮಾಡುವಾಗ ಬಾಯಿ ಬಿಚ್ಚುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿ, ಕಾಲೇಜಿನಲ್ಲಲ್ಲ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹೀಗೇ ಹಳೆ ಬಟ್ಟೆಯ ಕೌದಿ ಹೊಲಿಯುತ್ತಾರೆ, ಅವರಲ್ಲಿ ನಮ್ಮ ಮುಸ್ಲಿಮ್ ಸಹೋದರಿಯರೂ ಇದ್ದಾರೆ.

ಇನ್ನು ಅನುಮತಿಯ ಪ್ರಶ್ನೆ. ಜೀವಿಗಳ ಚಿತ್ರದ ಬಗ್ಗೆ ಕಟ್ಟುನಿಟ್ಟಿನ ಹದೀಸ್‌ಗಳು ಇವೆ, ಅದನ್ನು ಮುಚ್ಚಿಡುವುದಿಲ್ಲ. ಅದೇ ಬುಖಾರಿಯಲ್ಲಿ, ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ಒಬ್ಬರಿಗೆ ಇಬ್ನ್ ಅಬ್ಬಾಸ್(ರ) ಅವರು ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಬರೆಯಲು ಹೇಳಿದ್ದೂ ಇದೆ. ಆಯಿಶಾ(ರ) ಗೊಂಬೆಗಳೊಂದಿಗೆ ಆಡುತ್ತಿದ್ದರು, ಅವರ ಬಳಿ ರೆಕ್ಕೆಯ ಕುದುರೆಯೊಂದು ಇತ್ತು, ಅದನ್ನು ಕಂಡು ಪ್ರವಾದಿವರ್ಯರು(ಸ) ನಕ್ಕರು ಎಂದು ಅಬೂದಾವೂದ್‌ನಲ್ಲಿದೆ. ಮಕ್ಕಳ ಗೊಂಬೆಗೆ ಬಹಳಷ್ಟು ಉಲಮಾಗಳು ರಿಯಾಯಿತಿ ಕೊಟ್ಟಿರುವುದು ಇದರ ಆಧಾರದ ಮೇಲೆ. ಇನ್ನು ಚಿಕಿತ್ಸೆಗೆ ಮನುಷ್ಯರ ಮುಖವೇ ಬರೆಯಬೇಕೆಂಬ ನಿಯಮ ಇಲ್ಲ. ಮನೆ, ಹೊಳೆ, ದಾರಿ, ಮಳೆ, ಬರೀ ಬಣ್ಣದ ಗೀಟು, ಎಲ್ಲವೂ ನಡೆಯುತ್ತದೆ. "ನಮ್ಮಲ್ಲಿ ಮುಖ ಬರೆಯುವುದಿಲ್ಲ" ಎಂದು ಮೊದಲ ದಿನವೇ ಹೇಳಿ, ತಿಳಿದ ಚಿಕಿತ್ಸಕರು ಅದನ್ನು ಗೌರವಿಸುತ್ತಾರೆ. ಅಷ್ಟಕ್ಕೂ ಹುಡುಗ ಬರೆಯುತ್ತಿರುವುದು ಆಂಬುಲೆನ್ಸ್. ಹೆಚ್ಚಿನದನ್ನು ನಿಮ್ಮ ಮಸೀದಿಯ ಇಮಾಮ್ ಸಾಹೇಬರಲ್ಲಿ ಕೇಳಿ. ಚಿತ್ರ ಯಾತಕ್ಕೆ ಎಂಬುದನ್ನೂ ಸೇರಿಸಿ ಕೇಳಿ.

ಎಚ್ಚರಿಕೆಯ ಮಾತುಗಳೂ ಇವೆ. ಹಳೆಯ ಗಾಯ ಒಮ್ಮೆಲೇ ತೆರೆದರೆ ತಡೆದುಕೊಳ್ಳುವುದು ಕಷ್ಟ, ಆದ್ದರಿಂದ "ಅಬ್ಬಾನ ಸಾವಿನ ಚಿತ್ರ ಬರಿ" ಎಂದು ಮನೆಯಲ್ಲಿ ಮಗುವಿಗೆ ಒತ್ತಾಯ ಮಾಡಬೇಡಿ. ಬರೆದದ್ದನ್ನು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ, ನೆಂಟರಿಗೆ ತೋರಿಸಬೇಡಿ. ಕಿವಿಯಲ್ಲಿ ದನಿ ಕೇಳುವುದು, ವಿಪರೀತ ಸಂಶಯ, ತೀವ್ರ ಖಿನ್ನತೆ ಇದ್ದರೆ ಔಷಧಿ ಬೇಕು. ಬಣ್ಣ ಅದರ ಜೊತೆಗೆ ಇರಬಹುದು, ಅದರ ಬದಲು ಅಲ್ಲ. ವಾರದ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟು ಗೋಡೆಗೆ ಹಾಕಿಕೊಂಡವರು ಈಗ ಹೆಚ್ಚಾಗಿದ್ದಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಕೇಳಲು ಸಂಕೋಚ ಬೇಡ. ಇನ್ನು ಆಮಿಲ್‌ಗಳ ಬಳಿ ಸಾವಿರಾರು ರೂಪಾಯಿ ಸುರಿದು ಬರುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ. ದುಆ ಮಾಡಿ, ಕುರ್‌ಆನ್ ಓದಿ, ಇಲಾಜೂ ಮಾಡಿಸಿ.

ಆರ್ಟ್ ಥೆರಪಿ ಎಂಬ ಬೋರ್ಡು ಹುಡುಕಿಕೊಂಡು ನಮ್ಮ ಊರಲ್ಲಿ ತಿರುಗಬೇಕಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ, ಇಲ್ಲವೇ ನಗರದ ಎರಡು ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಗೆ ಹೋಗಿ, ಮಗುವಿನ ಜೊತೆ ಆಟ, ಚಿತ್ರದ ಮೂಲಕ ಕೆಲಸ ಮಾಡುವವರು ಯಾರು ಎಂದು ಕೇಳಿ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ "ಮನೋಚೈತನ್ಯ" ಎಂಬ ಸರ್ಕಾರಿ ಕಾರ್ಯಕ್ರಮ ಇದೆ. ಹರಿಹರದಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೋದರೆ ಬಸ್ ಚಾರ್ಜು ಉಳಿಯುತ್ತದೆ. ಟೆಲಿ-ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜೀವ ಬೇಡ ಎನಿಸಿದ ರಾತ್ರಿ ಬೆಳಗಿಗೆ ಕಾಯದೆ ಆಗಲೇ ಕರೆ ಮಾಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ಮಾಹಿತಿ ಗೋಪ್ಯ. ಮೊಹಲ್ಲಾಕ್ಕೆ ಗೊತ್ತಾಗುತ್ತದೆ ಎಂಬ ಭಯ ಇಟ್ಟುಕೊಳ್ಳಬೇಡಿ.

ಪತ್ರ ಬರೆದ ಸಹೋದರಿಗೆ: ಮಗನನ್ನು ಕರೆದುಕೊಂಡು ಹೋಗಿ. ಹೋಗುವಾಗ ಆ ನೋಟ್‌ಬುಕ್ಕನ್ನೂ ತೆಗೆದುಕೊಳ್ಳಿ, ಆದರೆ ಅವನನ್ನು ಕೇಳಿ ತೆಗೆದುಕೊಳ್ಳಿ. ಅವನು ಒಳಗಿರುವಾಗ ಹೊರಗೆ ಬೆಂಚಿನ ಮೇಲೆ ಕೂತು ಕಾಯುವ ಬದಲು ನಿಮಗೂ ಒಂದು ಚೀಟಿ ಮಾಡಿಸಿ.